ಭಸ್ಮಭೂಮಿಯ ಸೇನಾನಿ

ನಾರ್ವೆ ದೇಶದ ಉತ್ತರದ ಕೊನೆಯಲ್ಲಿ, ಧ್ರುವವೃತ್ತವನ್ನೂ ದಾಟಿ ಬಹುದೂರ ಮೇಲಕ್ಕೆ, ಫಿನ್‌ಮಾರ್ಕ್ ಎಂಬ ಪ್ರಾಂತವೊಂದಿದೆ. ವಿಸ್ತಾರದಲ್ಲಿ ಡೆನ್ಮಾರ್ಕ್ ದೇಶಕ್ಕಿಂತಲೂ ದೊಡ್ಡದಾದ, ಆದರೆ ಜನವಸತಿ ಅತ್ಯಂತ ವಿರಳವಾದ ಆ ನಾಡಿನಲ್ಲಿ ಸಂಚರಿಸುವ ಪ್ರವಾಸಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು: ಊರುಗಳು ಪುರಾತನವಾದವು, ಮೀನುಗಾರರೂ ವರ್ತಕರೂ ಶತಮಾನಗಳಿಂದ ಬಲ್ಲ ಬಂದರುಗಳು ಅವು, ಆದರೂ ಆ ಊರುಗಳಲ್ಲಿ ಮುತ್ತಜ್ಜನ ಕಾಲದ ಮನೆಯೆಂಬುದು ಹುಡುಕಿದರೂ ದುರ್ಲಭ. 1944ರ ಶರತ್ಕಾಲದಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆಯು ಆ ಪ್ರಾಂತದ ಮನೆಗಳನ್ನು, ಶಾಲೆಗಳನ್ನು, ಆಸ್ಪತ್ರೆಗಳನ್ನು, ದನದ ಕೊಟ್ಟಿಗೆಗಳನ್ನು, ಕಡೆಗೆ ಕಾಡ್ ಮೀನು ಒಣಹಾಕುವ ಮರದ ಅಟ್ಟಣೆಗಳನ್ನು ಸಹ ಬಿಡದೆ, ಒಂದಾದಮೇಲೊಂದರಂತೆ ಕ್ರಮವಾಗಿ ಸುಟ್ಟು ಬೂದಿ ಮಾಡಿತು. ಆ ಸೇನೆಯ ಅಧಿಪತಿ ಜರ್ಮನಿಯಲ್ಲಿ ಹುಟ್ಟಿದವನಲ್ಲ, ಆಸ್ಟ್ರಿಯಾದವನು. ಅಷ್ಟೇ ಅಲ್ಲದೆ ವಿಯೆನ್ನಾ ವಿಶ್ವವಿದ್ಯಾಲಯದಿಂದ ನ್ಯಾಯಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದಿದ್ದ ಪಂಡಿತನು. ಅವನ ಹೆಸರು ಲೋಥಾರ್ ರೆಂಡುಲಿಕ್. ಎರಡು ಮಹಾಯುದ್ಧಗಳಲ್ಲಿ ಖಡ್ಗ ಹಿಡಿದ ಈ ಸೇನಾನಿಯ ಹೆಸರು ಇಂದಿಗೂ ಯುದ್ಧನ್ಯಾಯದ ಗ್ರಂಥಗಳಲ್ಲಿ ಉಳಿದುಕೊಂಡಿರುವುದು ಅವನು ಗೆದ್ದ ಯಾವ ಸಮರದಿಂದಲೂ ಅಲ್ಲ, ಫಿನ್‌ಮಾರ್ಕಿನ ಆ ಬೆಂಕಿಯ ವಿಷಯದಲ್ಲಿ ಅವನಿಗೆ ದೊರೆತ ಬಿಡುಗಡೆಯಿಂದ.

ರೆಂಡುಲಿಕ್ 1887ರ ಅಕ್ಟೋಬರ್ 23ರಂದು, ವಿಯೆನ್ನಾದ ದಕ್ಷಿಣಕ್ಕಿರುವ ವೀನರ್ ನಾಯ್‌ಸ್ಟಾಟ್ ಪಟ್ಟಣದಲ್ಲಿ, ಕ್ರೊವೇಷಿಯಾ ಮೂಲದ ಮನೆತನವೊಂದರಲ್ಲಿ ಜನಿಸಿದನು. ಮಹಾರಾಣಿ ಮರಿಯಾ ಥೆರೇಸಾ 1751ರಲ್ಲಿ ಸ್ಥಾಪಿಸಿದ ಸೈನಿಕ ವಿದ್ಯಾಲಯವು ಅದೇ ಪಟ್ಟಣದಲ್ಲಿದ್ದುದರಿಂದ, ಹುಟ್ಟೂರೇ ಅವನಿಗೆ ವಿದ್ಯಾಕ್ಷೇತ್ರವೂ ಆಯಿತು. 1910ರಲ್ಲಿ ಅಧಿಕಾರಿಯಾಗಿ ಅವನು ಸೇರಿದ ಸೈನ್ಯವು ಜಗತ್ತಿನ ಸೈನ್ಯಗಳಲ್ಲೆಲ್ಲ ವಿಲಕ್ಷಣವಾದುದು. ಜರ್ಮನರು, ಹಂಗೇರಿಯನ್ನರು, ಜೆಕ್ಕರು, ಪೋಲರು, ಕ್ರೊವೇಷಿಯನ್ನರು, ರುಮೇನಿಯನ್ನರು ಮುಂತಾಗಿ ಹತ್ತಕ್ಕೂ ಮೀರಿದ ಜನಾಂಗಗಳ ಯುವಕರು ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಒಂದೇ ಧ್ವಜದ ಕೆಳಗೆ ನಿಲ್ಲುತ್ತಿದ್ದರು. ಆಜ್ಞೆ ಕೊಡಲು ಎಂಬತ್ತರಷ್ಟು ಜರ್ಮನ್ ಶಬ್ದಗಳು ಎಲ್ಲರಿಗೂ ಸಮಾನವಾಗಿದ್ದವು, ಉಳಿದಂತೆ ಪ್ರತಿಯೊಂದು ರೆಜಿಮೆಂಟಿನಲ್ಲಿಯೂ ಸಿಪಾಯಿಗಳ ಮನೆಮಾತೇ ನಡೆಯುತ್ತಿತ್ತು, ಅದನ್ನು ಮೂರು ವರ್ಷಗಳೊಳಗೆ ಕಲಿತು ತೀರುವುದು ಅಧಿಕಾರಿಯ ಕರ್ತವ್ಯವಾಗಿತ್ತು. ತನ್ನ ಆಳುಗಳೊಡನೆ ಅವರ ತಾಯ್ನುಡಿಯಲ್ಲಿ ಮಾತಾಡಬೇಕೆಂದು ವಿಧಿಸಿದ ಆ ವ್ಯವಸ್ಥೆಯಲ್ಲಿ ಬೆಳೆದ ತರುಣನೊಬ್ಬನು ಮುಂದೆ ಜನಾಂಗದ್ವೇಷವನ್ನೇ ತತ್ತ್ವವಾಗಿ ಮಾಡಿಕೊಂಡ ಪಕ್ಷವೊಂದರ ಸದಸ್ಯನಾದನೆಂಬುದನ್ನು ನೆನೆದಾಗ ಮನಸ್ಸು ಸಹಜವಾಗಿಯೇ ಕಾರಣವನ್ನು ಅರಸುತ್ತದೆ.

ಆ ಕಾರಣದ ಬಹುಭಾಗ 1918ರಲ್ಲಿ ದೊರೆಯುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಪೂರ್ವರಂಗದಲ್ಲಿ ರಷ್ಯನ್ನರಿಗೆ ಇದಿರಾಗಿ ಹೋರಾಡಿದ ರೆಂಡುಲಿಕ್, ಯುದ್ಧ ಮುಗಿಯುವ ವೇಳೆಗೆ ದೇಶವನ್ನೇ ಕಳೆದುಕೊಂಡಿದ್ದನು. ಶತಮಾನಗಳ ಸಾಮ್ರಾಜ್ಯವು ಕೆಲವೇ ವಾರಗಳಲ್ಲಿ ಒಡೆದು ಹೋಳಾಯಿತು. ಉಳಿದ ಪುಟ್ಟ ಆಸ್ಟ್ರಿಯಾಕ್ಕೆ 1919ರ ಸೇಂಟ್ ಜರ್ಮೆಯ್ನ್ ಒಪ್ಪಂದವು ಮೂವತ್ತು ಸಾವಿರಕ್ಕಿಂತ ಹೆಚ್ಚಿನ ಸೈನ್ಯವನ್ನು ಇಟ್ಟುಕೊಳ್ಳಕೂಡದೆಂದು ಕಟ್ಟಳೆ ಮಾಡಿತು. ಸಾವಿರಾರು ಅಧಿಕಾರಿಗಳು ಬೀದಿಪಾಲಾದ ಆ ದಿನಗಳಲ್ಲಿ ರೆಂಡುಲಿಕ್ ವಿಶ್ವವಿದ್ಯಾಲಯವನ್ನು ಸೇರಿ 1920ರಲ್ಲಿ ನ್ಯಾಯಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದನು. ಆಮೇಲೆ ಗಣರಾಜ್ಯದ ಚಿಕ್ಕ ಸೈನ್ಯದಲ್ಲಿ ಮತ್ತೆ ನೌಕರಿಗೆ ನಿಂತನು. ಆದರೆ ಕಳೆದುಹೋದ ವೈಭವದ ನೆನಪು ಅವನನ್ನೂ ಅವನ ಪೀಳಿಗೆಯ ಅನೇಕರನ್ನೂ ಬಿಡಲಿಲ್ಲ. ಈ ಚಿಕ್ಕ ದೇಶಕ್ಕೆ ಬಾಳಿಲ್ಲ, ಬಲಿಷ್ಠವಾದ ಜರ್ಮನಿಯೊಡನೆ ಕೂಡಿದರೆ ಮಾತ್ರ ಮತ್ತೆ ಮಹತ್ತ್ವ ಬರುವುದೆಂಬ ಭಾವನೆ ಅವರ ಮನಸ್ಸಿನಲ್ಲಿ ಬೇರೂರಿತು. 1932ರಲ್ಲಿ ರೆಂಡುಲಿಕ್ ನಾಜಿ ಪಕ್ಷವನ್ನು ಸೇರಿದನು. ಮರುವರ್ಷವೇ ಆಸ್ಟ್ರಿಯಾ ಸರ್ಕಾರವು ಆ ಪಕ್ಷವನ್ನು ನಿಷೇಧಿಸಿತು. ಕೆಲಕಾಲ ಪ್ಯಾರಿಸ್ಸಿನಲ್ಲಿ ತನ್ನ ದೇಶದ ಸೈನಿಕ ಪ್ರತಿನಿಧಿಯಾಗಿದ್ದ ಅವನನ್ನು, ಪಕ್ಷದ ನಂಟಿನ ಕಾರಣದಿಂದ, 1936ರಲ್ಲಿ ಸೇವೆಯಿಂದ ದೂರವಿರಿಸಲಾಯಿತು.

ಅವನ ಪೀಳಿಗೆಯವರೆಲ್ಲರೂ ಇದೇ ದಾರಿಯನ್ನು ಹಿಡಿಯಲಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಆಸ್ಟ್ರಿಯಾ ಸೈನ್ಯದ ಮುಖ್ಯಸ್ಥಾನದಲ್ಲಿದ್ದ ಆಲ್ಫ್ರೆಡ್ ಯಾನ್ಸಾ ಎಂಬಾತನೂ ಅದೇ ಹಳೆಯ ಸಾಮ್ರಾಜ್ಯದ ಸೈನಿಕನೇ. ಅದೇ ಸೋಲನ್ನು ಕಂಡವನೇ. ಆತನು ಮಾತ್ರ ಜರ್ಮನಿಯು ಗಡಿಯನ್ನು ದಾಟಿದರೆ ಎಲ್ಲೆಲ್ಲಿ ತಡೆಯಬೇಕು, ಎಷ್ಟು ದಿನ ತಡೆಯಬಹುದೆಂಬುದನ್ನು ಲೆಕ್ಕಹಾಕಿ ರಕ್ಷಣಾಯೋಜನೆಯೊಂದನ್ನು ಸಿದ್ಧಪಡಿಸಿದ್ದನು. 1938ರ ಫೆಬ್ರವರಿಯಲ್ಲಿ ಹಿಟ್ಲರನು ಆಸ್ಟ್ರಿಯಾದ ಪ್ರಧಾನಿ ಶುಷ್ನಿಗ್ಗನನ್ನು ಬೆರ್ಕ್‌ಟೆಸ್‌ಗಾಡೆನ್ನಿಗೆ ಕರೆಯಿಸಿ ಬೆದರಿಸಿದಾಗ ಮುಂದಿಟ್ಟ ಬೇಡಿಕೆಗಳಲ್ಲಿ ಈ ಯಾನ್ಸಾನನ್ನು ತೆಗೆದುಹಾಕಬೇಕೆಂಬುದೂ ಒಂದಾಗಿತ್ತು. ಅವನ ಸ್ಥಾನಕ್ಕೆ ಫ್ರಾಂಟ್ಸ್ ಬ್ಯೋಮೆ ಬಂದನು. ಈ ಬ್ಯೋಮೆಯ ಹೆಸರು ನಮ್ಮ ಕಥೆಯಲ್ಲಿ ಮತ್ತೆ ಬರುವುದು. ಮಾರ್ಚ್ 12ರಂದು ಜರ್ಮನ್ ಸೇನೆಯು ಒಂದು ಗುಂಡಿನ ಪ್ರತಿರೋಧವೂ ಇಲ್ಲದೆ ಒಳನುಗ್ಗಿತು. ಯಾನ್ಸಾ ಹಿಟ್ಲರನ ಸೈನ್ಯದಲ್ಲಿ ಸೇವೆ ಮಾಡಲಿಲ್ಲ. ರೆಂಡುಲಿಕ್ಕನಿಗೋ ಅದೇ ಸೈನ್ಯದಲ್ಲಿ ಗೌರವದ ಮರುಪ್ರವೇಶ ದೊರೆಯಿತು. ಇತಿಹಾಸದ ಪ್ರವಾಹದಲ್ಲಿ ವ್ಯಕ್ತಿಗೆ ಬೇರೆ ಮಾರ್ಗವೇ ಇರಲಿಲ್ಲವೆಂದು ವಾದಿಸುವವರಿಗೆ ಯಾನ್ಸಾನ ಜೀವನವೊಂದೇ ಸಾಕಾದಷ್ಟು ಉತ್ತರವನ್ನು ಕೊಡುತ್ತದೆಂದು ನಾನು ಭಾವಿಸುತ್ತೇನೆ.

ಎರಡನೆಯ ಮಹಾಯುದ್ಧದಲ್ಲಿ ರೆಂಡುಲಿಕ್ಕನ ಏಳಿಗೆ ತ್ವರಿತವಾಗಿ ಆಯಿತು. 1940ರಿಂದ ಡಿವಿಷನ್ನುಗಳ ನಾಯಕತ್ವ, 1942ರ ಕೊನೆಯಿಂದ ಒಂದು ಕೋರಿನ ಆಧಿಪತ್ಯ, 1943ರ ಬೇಸಗೆಯಲ್ಲಿ ಓರೆಲ್ ನಗರದ ಸುತ್ತಣ ಭೀಕರ ಕಾಳಗ. ಶತ್ರುವು ಎಲ್ಲಿ ಎರಗುವನೆಂಬುದನ್ನು ಮೊದಲೇ ಊಹಿಸಿ, ಇದ್ದ ಟ್ಯಾಂಕ್ ನಿರೋಧಕ ತೋಪುಗಳನ್ನೆಲ್ಲ ಅಲ್ಲಿಯೇ ಕೂಡಿಹಾಕಿದ ಅವನ ಚಾತುರ್ಯವನ್ನು ಸೈನಿಕ ಇತಿಹಾಸಕಾರರು ಮೆಚ್ಚಿ ಬರೆದಿದ್ದಾರೆ. ಅವನು ಸಮರ್ಥನಾದ ಸೇನಾನಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಾಮರ್ಥ್ಯವು ಯಾರ ಕೈಯಲ್ಲಿ ಎಂಥ ಕೆಲಸಕ್ಕೆ ಒದಗಿತೆಂಬುದು ಅದೇ ವರ್ಷದ ಆಗಸ್ಟಿನಲ್ಲಿ ಅವನು ಎರಡನೆಯ ಪ್ಯಾಂಜರ್ ಸೇನೆಯ ಅಧಿಪತಿಯಾಗಿ ಯುಗೋಸ್ಲಾವಿಯಾಕ್ಕೆ ಬಂದಮೇಲೆ ಸ್ಪಷ್ಟವಾಯಿತು.

ಹೆಸರಿಗೆ ಪ್ಯಾಂಜರ್ ಸೇನೆ, ಎಂದರೆ ಟ್ಯಾಂಕ್ ಸೇನೆಯಾದರೂ ಅದರ ಕೆಲಸವಿದ್ದುದು ಬೆಟ್ಟಗಾಡಿನಲ್ಲಿ, ಅಲ್ಲಿನ ಪ್ರತಿರೋಧದ ನಾಯಕ ಟಿಟೋನ ಗೆರಿಲ್ಲಾ ಪಡೆಗಳ ಬೆನ್ನಟ್ಟುವುದರಲ್ಲಿ. ಜರ್ಮನ್ ಸಿಪಾಯಿಯೊಬ್ಬನು ಸತ್ತರೆ ಸುತ್ತಣ ಊರುಗಳಿಂದ ಹಿಡಿದು ತಂದ ಒತ್ತೆಯಾಳುಗಳನ್ನು ಹತ್ತು, ಐವತ್ತು, ನೂರರ ಲೆಕ್ಕದಲ್ಲಿ ಕೊಲ್ಲುವ ಪದ್ಧತಿ ಬಾಲ್ಕನ್ ದೇಶಗಳಲ್ಲಿ ಆಗಲೇ ಬೇರೂರಿತ್ತು. 1941ರಲ್ಲಿ ಸರ್ಬಿಯಾದಲ್ಲಿ ಒಬ್ಬನಿಗೆ ನೂರು ಜನರೆಂಬ ಪ್ರಮಾಣವನ್ನು ಕಾರ್ಯಗತಗೊಳಿಸಿದವನು, ಯಾನ್ಸಾನ ಸ್ಥಾನಕ್ಕೆ ಬಂದಿದ್ದ ಅದೇ ಬ್ಯೋಮೆ. ರೆಂಡುಲಿಕ್ಕನ ಆಡಳಿತದಲ್ಲಿಯೂ ಒತ್ತೆಯಾಳುಗಳ ವಧೆ ನಿಲ್ಲಲಿಲ್ಲ. 1943ರ ಸೆಪ್ಟೆಂಬರಿನಲ್ಲಿ ಇಟಲಿಯು ಮಿತ್ರರಾಷ್ಟ್ರಗಳಿಗೆ ಶರಣಾಗಿ, ನಿನ್ನೆಯವರೆಗೆ ಜರ್ಮನರ ಜೊತೆಗಾರರಾಗಿದ್ದ ಇಟಾಲಿಯನ್ ಸೈನಿಕರು ರಾತ್ರೋರಾತ್ರಿ ಅವರಿಗೆ ವೈರಿಗಳಾದಾಗ, ಶಸ್ತ್ರ ಒಪ್ಪಿಸಲು ತಡಮಾಡಿದ ಅಥವಾ ಗೆರಿಲ್ಲಾಗಳಿಗೆ ಆಯುಧ ಕೊಟ್ಟ ಇಟಾಲಿಯನ್ ಅಧಿಕಾರಿಗಳನ್ನು ಗುಂಡಿಕ್ಕಿ ಕೊಲ್ಲಲಾಯಿತು.

1944ರ ಮೇ 25ರಂದು ಬಾಸ್ನಿಯಾದ ದ್ರ್ವಾರ್ ಪಟ್ಟಣದ ಮೇಲೆ ಅವನ ಸೇನೆಯ ಹೊಣೆಯಲ್ಲಿ ನಡೆದ ದಾಳಿ ಪ್ರಸಿದ್ಧವಾದುದು. ಪಟ್ಟಣದ ಮೇಲಣ ಕಡಿದಾದ ಬಂಡೆಯ ಗುಹೆಯೊಂದು ಟಿಟೋನ ಮುಖ್ಯಾಲಯವಾಗಿತ್ತು. ಬೆಳಗ್ಗೆ ಬಾಂಬುಗಳ ಮಳೆ, ಅದರ ಹಿಂದೆಯೇ ಪ್ಯಾರಾಚೂಟುಗಳಲ್ಲಿಯೂ ಗ್ಲೈಡರುಗಳಲ್ಲಿಯೂ ಇಳಿದ, ನಾಜಿ ಪಕ್ಷದ ಸಶಸ್ತ್ರದಳದ ನೂರಾರು ಎಸ್‌ಎಸ್ ಯೋಧರು, ಸುತ್ತಲಿಂದ ಮುತ್ತಿಕೊಂಡು ಬಂದ ಭೂಸೇನೆ. ಇಷ್ಟೆಲ್ಲವೂ ನಡೆದು ಕಡೆಗೆ ಕೈಗೆ ಸಿಕ್ಕಿದ್ದು ದರ್ಜಿಯ ಅಂಗಡಿಯಲ್ಲಿದ್ದ ಟಿಟೋನ ಹೊಸ ಮಾರ್ಷಲ್ ಸಮವಸ್ತ್ರ ಮಾತ್ರ. ಅದನ್ನು ವಿಯೆನ್ನಾದಲ್ಲಿ ಪ್ರದರ್ಶನಕ್ಕಿಟ್ಟರು. ಟಿಟೋ ಬೆಟ್ಟದ ದಾರಿಯಿಂದ ತಪ್ಪಿಸಿಕೊಂಡು, ಕೆಲವು ದಿನಗಳ ಮೇಲೆ ವಿಮಾನದಲ್ಲಿ ಇಟಲಿಯ ಬಾರಿ ನಗರವನ್ನು ತಲಪಿದನು.

ಮುಂದಿನ ತಿಂಗಳೇ ರೆಂಡುಲಿಕ್ಕನ ಜೀವನವು ಉತ್ತರಕ್ಕೆ ತಿರುಗಿತು. ಫಿನ್‌ಲ್ಯಾಂಡಿನ ಉತ್ತರಭಾಗವಾದ ಲಾಪ್‌ಲ್ಯಾಂಡಿನಲ್ಲಿದ್ದ ಇಪ್ಪತ್ತನೆಯ ಪರ್ವತಸೇನೆಯ ಅಧಿಪತಿ ಎಡ್ವರ್ಡ್ ಡೀಟ್ಲ್ ಜೂನ್ 23ರಂದು ವಿಮಾನಾಪಘಾತದಲ್ಲಿ ಮಡಿದನು. ಅವನ ಜಾಗಕ್ಕೆ ರೆಂಡುಲಿಕ್ ನಿಯುಕ್ತನಾದನು. ಎರಡು ಲಕ್ಷಕ್ಕೂ ಮೀರಿದ ಆ ಸೇನೆಯು ಫಿನ್‌ಲ್ಯಾಂಡಿನ ಜೊತೆಗೂಡಿ ಸೋವಿಯತ್ ರಷ್ಯದ ವಿರುದ್ಧ ಹೋರಾಡುತ್ತಿತ್ತು. ಆದರೆ ಫಿನ್‌ಲ್ಯಾಂಡು ಸೋತು ಸೊರಗಿತ್ತು. ಸೆಪ್ಟೆಂಬರ್ 2ರಂದು ಅದು ಜರ್ಮನಿಯೊಡನೆ ಸಂಬಂಧವನ್ನು ಕಡಿದುಕೊಂಡಿತು. 19ರಂದು ಮಾಸ್ಕೋದಲ್ಲಿ ಕದನವಿರಾಮಕ್ಕೆ ಸಹಿ ಹಾಕಿ, ತನ್ನ ನೆಲದಲ್ಲಿ ಉಳಿದ ಜರ್ಮನರನ್ನು ತಾನೇ ಹೊರದೂಡುವೆನೆಂದು ಒಪ್ಪಿಕೊಂಡಿತು. ಮೂರು ವರ್ಷ ಒಂದೇ ಕಂದಕದಲ್ಲಿ ನಿಂತವರು ಒಬ್ಬರ ಮೇಲೊಬ್ಬರು ಬಂದೂಕು ಎತ್ತುವುದು ಮೊದಮೊದಲು ಇಬ್ಬರಿಗೂ ಕಷ್ಟವಾಯಿತು. ಜರ್ಮನರು ಸೇತುವೆಗಳನ್ನು ಕೆಡಹುತ್ತ ಹಿಂದೆ ಸರಿಯುವುದು, ಫಿನ್ನರು ತುಸು ದೂರ ಬಿಟ್ಟು ಹಿಂಬಾಲಿಸುವುದು, ಹೀಗೆ ಒಳ ಒಪ್ಪಂದದ ನಡಿಗೆಯಾಗಿತ್ತು ಅದು. ಅಕ್ಟೋಬರ್ 1ರಂದು ಫಿನ್ನರ ಪಡೆಗಳು ಟೋರ್ನಿಯೋ ಬಂದರಿನಲ್ಲಿ ಇಳಿದು ಜರ್ಮನರ ಮೇಲೆ ನಿಜವಾಗಿಯೂ ಎರಗಿದಾಗ ಈ ನಾಟಕವು ಮುಗಿಯಿತು. ಲಾಪ್‌ಲ್ಯಾಂಡಿನ ರಾಜಧಾನಿಯಾದ ರೊವಾನಿಯೆಮಿಯ ಕಟ್ಟಡಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಆ ತಿಂಗಳಲ್ಲಿ ಜರ್ಮನರ ಹಿಮ್ಮೆಟ್ಟುವಿಕೆಯ ವೇಳೆ ನೆಲಸಮವಾದವು. ಯುದ್ಧಾನಂತರ ಅದರ ಪುನರ್ನಿರ್ಮಾಣಕ್ಕೆ ಪ್ರಸಿದ್ಧ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೋ ಹಾಕಿದ ನಕ್ಷೆಯಲ್ಲಿ ರಸ್ತೆಗಳು ಹಿಮಸಾರಂಗದ ಕೊಂಬುಗಳ ಆಕಾರದಲ್ಲಿ ಕವಲೊಡೆದು ಹರಡಿವೆ.

ಇನ್ನು ಫಿನ್‌ಮಾರ್ಕಿನ ಕಥೆ. ಅದನ್ನು ತಿಳಿಯಬೇಕಾದರೆ ಆ ನೆಲದ ಸ್ವರೂಪವನ್ನು ಸ್ವಲ್ಪ ವಿವರವಾಗಿ ಅರಿಯಬೇಕು. ಅಕ್ಟೋಬರ್ 7ರಂದು ಮಾರ್ಷಲ್ ಪದವಿಗೆ ಸನಿಹದಲ್ಲಿದ್ದ ಮೆರೆತ್ಸ್‌ಕೋವನ ಸೋವಿಯತ್ ಸೇನೆಯು ಪೆಟ್ಸಾಮೋ ಪ್ರದೇಶದಲ್ಲಿ ದಾಳಿಯನ್ನಾರಂಭಿಸಿ, 25ರಂದು ನಾರ್ವೆಯ ಗಡಿಯೂರಾದ ಕಿರ್ಕೆನೆಸ್ಸನ್ನು ಹಿಡಿಯಿತು. ಬಾಂಬುಗಳಿಂದ ಪಾರಾಗಲು ಬ್ಯೋರ್ನೆವಾಟನ್ ಎಂಬಲ್ಲಿ ಕಬ್ಬಿಣದ ಗಣಿಯ ಸುರಂಗದೊಳಗೆ ಸುಮಾರು ಮೂರು ಸಾವಿರ ಜನ ತಮ್ಮ ಹಾಸಿಗೆ, ಪಾತ್ರೆ, ದನಕರುಗಳೊಡನೆ ಆಶ್ರಯ ಪಡೆದಿದ್ದರು. ಆ ಕತ್ತಲೆಯಲ್ಲಿಯೇ ಹಲವು ಹೆರಿಗೆಗಳೂ ಆದವು. ಅಲ್ಲಿಂದ ಪಶ್ಚಿಮಕ್ಕೆ ಜರ್ಮನ್ ಸೇನೆಗೆ ಇದ್ದುದು, ಕಡಲಿನ ಕೊಲ್ಲಿಗಳ ಅಂಚನ್ನು ಹಿಡಿದು ಸುತ್ತಿ ಬಳಸಿ ಸಾಗುವ ಒಂದೇ ಹೆದ್ದಾರಿ. ಸೂರ್ಯನು ತಿಂಗಳುಗಟ್ಟಲೆ ಮುಖ ತೋರದ ಧ್ರುವರಾತ್ರಿ ಸಮೀಪಿಸುತ್ತಿತ್ತು. ಅಂಥ ಚಳಿಯಲ್ಲಿ ಸೂರಿಲ್ಲದ ಸೈನ್ಯ ಬದುಕಲಾರದು. ಆದುದರಿಂದ ಅಲ್ಲಿ ಒಂದು ಮನೆ, ಒಂದು ಕೊಟ್ಟಿಗೆ, ಒಂದು ಒಲೆ ಸಹ ಯುದ್ಧಸಾಮಗ್ರಿಯೇ ಆಗುತ್ತದೆ. ಹಿಂದೆ ಸರಿಯುವಾಗ ಅವುಗಳನ್ನೆಲ್ಲ ಸುಟ್ಟುಬಿಟ್ಟರೆ ಬೆನ್ನಟ್ಟುವವನು ಬರಿಯ ಹಿಮದ ಮೇಲೆ ಮಲಗಬೇಕಾಗುವುದು. ಬೆಂಕಿಯ ಹಿಂದಿದ್ದ ಸೈನಿಕ ತರ್ಕ ಇದು.

ನಾರ್ವೆಯ ನಾಜಿ ಆಡಳಿತಾಧಿಕಾರಿ ಟೆರ್ಬೋವೆನ್ನನ ಒತ್ತಾಸೆಯೂ ಸೇರಿ, ಅಕ್ಟೋಬರ್ 28ರಂದು ಹಿಟ್ಲರನ ಆಜ್ಞೆ ಹೊರಟಿತು. ಲಿಂಗೆನ್ ಕೊಲ್ಲಿಯಿಂದ ಪೂರ್ವಕ್ಕಿರುವ ಜನರೆಲ್ಲರನ್ನೂ ಬಲವಂತದಿಂದಲಾದರೂ ತೆರವು ಮಾಡಿಸಬೇಕು, ವಾಸಸ್ಥಾನಗಳನ್ನೆಲ್ಲ ನಾಶಪಡಿಸಬೇಕು, ನಾಗರಿಕರ ವಿಷಯದಲ್ಲಿ ಕನಿಕರಕ್ಕೆ ಎಡೆಯಿಲ್ಲ ಎಂಬುದು ಅದರ ತಾತ್ಪರ್ಯ. ರೆಂಡುಲಿಕ್ ಅದನ್ನು ತನ್ನ ಸೇನೆಗೆ ದಾಟಿಸಿ, ಒಬ್ಬ ದಕ್ಷ ಅಧಿಕಾರಿ ಯಾವ ಕೆಲಸವನ್ನಾದರೂ ಮಾಡಿಸುವ ಶಿಸ್ತಿನಿಂದ ಮಾಡಿಸಿದನು. ಸುಮಾರು ಐವತ್ತು ಸಾವಿರ ಜನರನ್ನು ಮೀನುದೋಣಿಗಳಲ್ಲಿ, ಹಡಗುಗಳಲ್ಲಿ, ಲಾರಿಗಳಲ್ಲಿ ತುಂಬಿ ದಕ್ಷಿಣಕ್ಕೆ ಸಾಗಿಸಲಾಯಿತು. ಇಪ್ಪತ್ತೈದು ಸಾವಿರದಷ್ಟು ಜನ ಹೋಗಲೊಲ್ಲದೆಯೋ, ರಷ್ಯನ್ನರು ಆಗಲೇ ಬಂದಿದ್ದುದರಿಂದಲೋ ಹಿಂದುಳಿದರು. ಜರ್ಮನರ ಕಣ್ಣು ತಪ್ಪಿಸಿದವರು ಗುಹೆಗಳಲ್ಲಿ, ಮಣ್ಣುಹೆಂಟೆಯ ಗುಡಿಸಲುಗಳಲ್ಲಿ, ಬೋರಲು ಹಾಕಿದ ದೋಣಿಗಳಡಿಯಲ್ಲಿ ಅವಿತು ಚಳಿಗಾಲವನ್ನು ಕಳೆದರು. ಸುಟ್ಟ ಮನೆಗಳ ಸಂಖ್ಯೆ ಹತ್ತು ಸಾವಿರವನ್ನೂ ಮೀರಿತು. ಹ್ಯಾಮರ್‌ಫೆಸ್ಟ್ ಎಂಬ ಬಂದರಿನಲ್ಲಿ ಸ್ಮಶಾನದ ಪುಟ್ಟ ಪ್ರಾರ್ಥನಾಮಂದಿರವೊಂದು ಮಾತ್ರ ನಿಂತಿತು. ಹೊನ್ನಿಂಗ್ಸ್‌ವೋಗ್ ಎಂಬ ಮೀನುಗಾರರ ಊರಿನಲ್ಲಿ ಉಳಿದುದು 1885ರ ಬಿಳಿಯ ಮರದ ಚರ್ಚು ಒಂದೇ. ಮರುವರ್ಷ, ಈಗಲೇ ಹಿಂದಿರುಗಬೇಡಿರೆಂದು ಸರ್ಕಾರವು ತಡೆದರೂ ಕೇಳದೆ ಊರಿಗೆ ಓಡಿಬಂದ ಜನ, ಆ ಚರ್ಚಿನೊಳಗೇ ಸಂಸಾರ ಹೂಡಿದರು. ದೇವರ ಮನೆಯೇ ಮಲಗುವ ಕೋಣೆಯೂ ಆಯಿತು, ಊರಿಗೆಲ್ಲ ರೊಟ್ಟಿ ಬೇಯಿಸುವ ಬೇಕರಿಯೂ ಆಯಿತು.

ಈ ವಿನಾಶದಿಂದ ಜರ್ಮನರಿಗೆ ಏನು ಲಾಭವಾಯಿತು? ಸೋವಿಯತ್ ಸೇನೆಯು ತಾನಾ ನದಿಯ ಪ್ರದೇಶದಲ್ಲಿಯೇ ನಿಂತುಬಿಟ್ಟಿತು. ರೆಂಡುಲಿಕ್ ಭಯಪಟ್ಟ ಬೆನ್ನಟ್ಟುವಿಕೆ ನಡೆಯಲೇ ಇಲ್ಲ. ಬಾರದ ಶತ್ರುವಿಗಾಗಿ ಒಂದು ನಾಡು ಉರಿದುಹೋಗಿತ್ತು.

1945ರ ಜನವರಿಯಲ್ಲಿ ಅವನು ನಾರ್ವೆಯನ್ನು ಬಿಟ್ಟನು. ಅಲ್ಲಿನ ಅಧಿಕಾರವನ್ನು ವಹಿಸಿಕೊಂಡವನು ಮತ್ತೆ ಅದೇ ಬ್ಯೋಮೆ. ಮುಂದಿನ ನಾಲ್ಕು ತಿಂಗಳು ಹಿಟ್ಲರನು ಕುಸಿಯುತ್ತಿದ್ದ ಒಂದೊಂದು ರಂಗಕ್ಕೂ ರೆಂಡುಲಿಕ್ಕನನ್ನು ಅಟ್ಟುತ್ತಿದ್ದನು: ಬಾಲ್ಟಿಕ್ ತೀರದ ಕೂರ್‌ಲ್ಯಾಂಡ್, ಪೂರ್ವ ಪ್ರಷ್ಯಾ, ಮತ್ತೆ ಕೂರ್‌ಲ್ಯಾಂಡ್, ಏಪ್ರಿಲಿನಲ್ಲಿ ಕಡೆಯದಾಗಿ ಆಸ್ಟ್ರಿಯಾ. ಅವನು ತಾಯ್ನಾಡನ್ನು ಸೇರಿದ ಕೆಲವೇ ದಿನಗಳಲ್ಲಿ, 13ರಂದು, ವಿಯೆನ್ನಾ ರಷ್ಯನ್ನರ ವಶವಾಯಿತು. ಅಮೆರಿಕನ್ನರು ತನ್ನೊಡನೆ ಕೂಡಿ ಸೋವಿಯತ್ತರ ಮೇಲೆ ತಿರುಗಿಬೀಳುವರೆಂಬ ಭ್ರಮೆಯನ್ನು ಕೊನೆಯವರೆಗೂ ಇಟ್ಟುಕೊಂಡಿದ್ದ ಅವನು, ಮೇ ತಿಂಗಳ ಮೊದಲ ವಾರದ ಕೊನೆಗೆ ಅಮೆರಿಕದ ಜನರಲ್ ವಾಲ್ಟನ್ ವಾಕರನಿಗೆ ಶರಣಾಗಿ ಸೆರೆಯಾಳಾದನು.

ನ್ಯೂರೆಂಬರ್ಗಿನ ಪ್ರಧಾನ ವಿಚಾರಣೆಯ ತರುವಾಯ ಅದೇ ನಗರದಲ್ಲಿ ಅಮೆರಿಕನ್ನರು ನಡೆಸಿದ ಹನ್ನೆರಡು ಮೊಕದ್ದಮೆಗಳಲ್ಲಿ ಏಳನೆಯದು ಒತ್ತೆಯಾಳುಗಳ ಮೊಕದ್ದಮೆಯೆಂದು ಹೆಸರಾಗಿದೆ. 1947ರ ಜುಲೈಯಿಂದ 1948ರ ಫೆಬ್ರವರಿಯವರೆಗೆ ನಡೆದ ಅದರಲ್ಲಿ ಫೀಲ್ಡ್ ಮಾರ್ಷಲ್ ವಿಲ್‌ಹೆಲ್ಮ್ ಲಿಸ್ಟ್ ಮೊದಲಾದ ಹನ್ನೆರಡು ಮಂದಿ ಆರೋಪಿಗಳು. ಬ್ಯೋಮೆ ವಿಚಾರಣೆಗೆ ಮುನ್ನವೇ ಆತ್ಮಹತ್ಯೆ ಮಾಡಿಕೊಂಡನು. ಅಯೋವಾ ರಾಜ್ಯದ ನ್ಯಾಯಾಧೀಶ ಚಾರ್ಲ್ಸ್ ವೆನ್ನರ್‌ಸ್ಟ್ರಮ್ ಅಧ್ಯಕ್ಷನಾಗಿದ್ದ ಮೂವರ ಪೀಠದ ಮುಂದೆ, ಅರುವತ್ತರ ವಯಸ್ಸಿನ ನ್ಯಾಯಶಾಸ್ತ್ರಪಂಡಿತ ರೆಂಡುಲಿಕ್ ತನ್ನ ಕೃತ್ಯಗಳಿಗೆ ಉತ್ತರ ಹೇಳಬೇಕಾಯಿತು.

ಫಿನ್‌ಮಾರ್ಕಿನ ವಿಷಯದಲ್ಲಿ ನ್ಯಾಯಪೀಠದ ತರ್ಕ ಹೀಗೆ ಸಾಗಿತು. ಯುದ್ಧದ ಅನಿವಾರ್ಯ ಅಗತ್ಯವಿಲ್ಲದೆ ಶತ್ರುದೇಶದ ಆಸ್ತಿಯನ್ನು ನಾಶಪಡಿಸಕೂಡದೆಂದು ಹೇಗ್ ನಿಯಮಗಳು ವಿಧಿಸಿವೆ. ಈಗ ಹಿಂದಿರುಗಿ ನೋಡಿದರೆ ಅಂಥ ಅಗತ್ಯವಿರಲಿಲ್ಲವೆಂದು ಹೇಳಲು ಆಧಾರವುಂಟು. ಆದರೆ ಸೇನಾಧಿಪತಿಯ ಅಪರಾಧವನ್ನು ಅಳೆಯಬೇಕಾದುದು ಇಂದು ನಮಗೆ ತಿಳಿದಿರುವುದರಿಂದಲ್ಲ, ಅಂದು ಆ ಕ್ಷಣದಲ್ಲಿ ಅವನಿಗೆ ಪ್ರಾಮಾಣಿಕವಾಗಿ ಕಂಡ ಪರಿಸ್ಥಿತಿಯಿಂದ. ಬೆನ್ನ ಹಿಂದೆ ಬಲಾಢ್ಯ ಶತ್ರು, ಕಡಲ ಕಡೆಯಿಂದ ಆಕ್ರಮಣದ ಶಂಕೆ, ಮುಂದೆ ಚಳಿಗಾಲ: ಇವುಗಳ ನಡುವೆ ಅವನು ಮಾಡಿದ ನಿರ್ಣಯ ತಪ್ಪಾಗಿರಬಹುದು, ಆದರೆ ಅಪರಾಧವಾಗಲಾರದು. ಹೀಗೆ ಆ ಆರೋಪದಿಂದ ಅವನು ಮುಕ್ತನಾದನು. ಈ ಸೂತ್ರವೇ ರೆಂಡುಲಿಕ್ ನಿಯಮವೆಂಬ ಹೆಸರಿನಿಂದ ಇಂದಿಗೂ ಯುದ್ಧನ್ಯಾಯದ ಪಾಠಗಳಲ್ಲಿ ಬಳಕೆಯಲ್ಲಿದೆ.

ಹೊನ್ನಿಂಗ್ಸ್‌ವೋಗಿನ ಮೀನುಗಾರನಿಗೆ ಈ ತೀರ್ಪು ಅನ್ಯಾಯವೆನಿಸಿದರೆ ಅದು ಸ್ವಾಭಾವಿಕ. ಆದರೂ ನ್ಯಾಯಾಧೀಶರು ಸರಿಯಾದುದನ್ನೇ ಮಾಡಿದರೆಂಬುದು ನನ್ನ ದೃಢವಾದ ಅಭಿಪ್ರಾಯ. ಸೋತ ವೈರಿಯನ್ನು ಗೆದ್ದವರು ವಿಚಾರಿಸುವಾಗ, ಘಟನೆ ಮುಗಿದಮೇಲೆ ಬಂದ ತಿಳಿವಳಿಕೆಯನ್ನೇ ಅಳತೆಗೋಲಾಗಿ ಹಿಡಿದರೆ, ಸೋತ ಸೇನಾನಿಗಳೆಲ್ಲರೂ ಅಪರಾಧಿಗಳೇ ಆದಾರು. ರೆಂಡುಲಿಕ್ ಒಳ್ಳೆಯವನೆಂದು ಈ ಔದಾರ್ಯ ಅವನಿಗೆ ದೊರೆಯಲಿಲ್ಲ. ನಾಳೆ ಬೇರೊಬ್ಬ ಸಜ್ಜನನು ಅದೇ ಕಟಕಟೆಯಲ್ಲಿ ನಿಲ್ಲಬೇಕಾದಾಗಲೂ ನಿಯಮವು ನಿಯಮವಾಗಿಯೇ ಉಳಿಯಬೇಕಾದುದರಿಂದ ದೊರೆಯಿತು.

ಆದರೆ ಈ ನಿಯಮವನ್ನು ಉದ್ಧರಿಸುವವರು ಅದೇ ತೀರ್ಪಿನ ಮತ್ತೊಂದು ಭಾಗವನ್ನು ಅನೇಕವೇಳೆ ಮರೆಯುತ್ತಾರೆ. ಅರಿವನ್ನೇ ಅಳತೆಯಾಗಿ ಇಟ್ಟುಕೊಂಡ ನ್ಯಾಯಪೀಠವು, ಒಂದು ಆರೋಪದಲ್ಲಿ ಅವನನ್ನು ಬಿಡಿಸಿದ ಅದೇ ಅಳತೆಯಿಂದ ಉಳಿದ ಮೂರರಲ್ಲಿ ಅವನನ್ನು ಅಪರಾಧಿಯೆಂದು ಸಾರಿತು. ರಷ್ಯದಲ್ಲಿ ಸೆರೆಸಿಕ್ಕ ಸೋವಿಯತ್ ರಾಜಕೀಯ ಕಮಿಸಾರರನ್ನು ಕೊಲ್ಲಬೇಕೆಂಬ ಆಜ್ಞೆಯನ್ನು ಅವನು ಕೆಳಕ್ಕೆ ದಾಟಿಸಿದ್ದನು. ಅದು ನ್ಯಾಯಬಾಹಿರವೆಂಬುದು ಅವನಿಗೆ ತಿಳಿದೇ ಇತ್ತೆಂದು ಪೀಠವು ಕಂಡುಕೊಂಡಿತು. ಒತ್ತೆಯಾಳುಗಳನ್ನು ಕೊಲ್ಲುವಾಗ, ಇಟಾಲಿಯನ್ ಅಧಿಕಾರಿಗಳಿಗೆ ಗುಂಡಿಕ್ಕುವಾಗ, ಬಾರದ ಶತ್ರುವಿನ ಭ್ರಮೆಯಾಗಲಿ ಧ್ರುವರಾತ್ರಿಯ ಕತ್ತಲೆಯಾಗಲಿ ಅವನ ಕಣ್ಣಿಗೆ ಅಡ್ಡವಾಗಿರಲಿಲ್ಲ. ಕೈಕಟ್ಟಿ ನಿಲ್ಲಿಸಿದ ಮನುಷ್ಯನು ಯಾರೆಂಬುದನ್ನು ಅರಿಯಲು ಬೇಹುಗಾರರ ವರದಿ ಬೇಕಿಲ್ಲ. ಅವನಿಗೆ ಇಪ್ಪತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು.

ಅದೇ ತೀರ್ಪಿನ ಒಂದು ಅಂಶವು ಮಾತ್ರ ಅಂದೇ ಪ್ರಬಲವಾದ ಟೀಕೆಗೆ ಗುರಿಯಾಯಿತು. ಹಲವು ಕಠಿಣ ನಿಬಂಧನೆಗಳಿಗೆ ಒಳಪಟ್ಟು, ಬೇರೆ ಯಾವ ಉಪಾಯವೂ ಉಳಿಯದಿದ್ದಾಗ, ಒತ್ತೆಯಾಳುಗಳ ವಧೆಯು ಆಗಿನ ಕಾನೂನಿನಂತೆ ಸಂಪೂರ್ಣ ನಿಷಿದ್ಧವಲ್ಲವೆಂದು ಪೀಠವು ಹೇಳಿತ್ತು. ಈ ಆರೋಪಿಗಳು ಆ ನಿಬಂಧನೆಗಳನ್ನು ಪಾಲಿಸಿರಲಿಲ್ಲವೆಂಬ ಕಾರಣದಿಂದ ಶಿಕ್ಷಿಸಿತ್ತು. ಇದನ್ನು ಜಗತ್ತು ಒಪ್ಪಲಿಲ್ಲ. 1949ರ ನಾಲ್ಕನೆಯ ಜಿನೀವಾ ಒಪ್ಪಂದವು ಒತ್ತೆಯಾಳುಗಳನ್ನು ಹಿಡಿಯುವುದನ್ನೇ ಯಾವ ವಿನಾಯಿತಿಯೂ ಇಲ್ಲದಂತೆ ನಿಷೇಧಿಸಿತು, ಆಕ್ರಮಿತ ಪ್ರದೇಶದ ಜನರನ್ನು ಬಲವಂತವಾಗಿ ಸಾಗಿಸುವುದಕ್ಕೂ ಕಡಿವಾಣ ಹಾಕಿತು.

ರೆಂಡುಲಿಕ್ ತನ್ನ ಶಿಕ್ಷೆಯ ಅವಧಿಯನ್ನು ಮುಗಿಸಲಿಲ್ಲ. ಶೀತಲಸಮರದ ರಾಜಕಾರಣದಲ್ಲಿ ಪಶ್ಚಿಮ ಜರ್ಮನಿಯ ಸ್ನೇಹವು ಅಮೆರಿಕಕ್ಕೆ ಬೇಕಾಗಿದ್ದ 1951ರಲ್ಲಿ, ಶಿಕ್ಷೆಯು ಹತ್ತು ವರ್ಷಗಳಿಗೆ ಇಳಿದು, ಫೆಬ್ರವರಿಯಲ್ಲಿ ಅವನು ಲ್ಯಾಂಡ್ಸ್‌ಬರ್ಗ್ ಸೆರೆಮನೆಯಿಂದ ಹೊರಬಂದನು. ಆಮೇಲೆ ಆಸ್ಟ್ರಿಯಾದಲ್ಲಿ ನೆಲಸಿ ಆತ್ಮವೃತ್ತಾಂತವನ್ನೂ ಬೇರೆ ಪುಸ್ತಕಗಳನ್ನೂ ಬರೆದು, 1971ರ ಜನವರಿಯಲ್ಲಿ ಎಫರ್ಡಿಂಗ್ ಎಂಬ ಸಣ್ಣ ಪಟ್ಟಣದಲ್ಲಿ ತೀರಿಕೊಂಡನು. ಆ ವರ್ಷಗಳಲ್ಲೆಲ್ಲ ಆಸ್ಟ್ರಿಯಾ ತನ್ನನ್ನು ಹಿಟ್ಲರನ ಆಕ್ರಮಣದ ಮೊದಲ ಬಲಿಯೆಂದೇ ಕರೆದುಕೊಳ್ಳುತ್ತಿತ್ತು. 1943ರ ಮಾಸ್ಕೋ ಘೋಷಣೆಯಲ್ಲಿ ಮಿತ್ರರಾಷ್ಟ್ರಗಳೇ ಹಾಗೆಂದಿದ್ದವು. ರೆಂಡುಲಿಕ್, ಬ್ಯೋಮೆಯರಂಥ ಮಕ್ಕಳ ಕೃತ್ಯಗಳಲ್ಲಿ ತನ್ನ ದೇಶಕ್ಕೂ ಹೊಣೆಯುಂಟೆಂದು ಆಸ್ಟ್ರಿಯಾದ ಪ್ರಧಾನಿ ಫ್ರಾಂಟ್ಸ್ ವ್ರಾನಿಟ್ಸ್‌ಕಿ ಸಂಸತ್ತಿನಲ್ಲಿ ಬಹಿರಂಗವಾಗಿ ಒಪ್ಪಿಕೊಂಡದ್ದು 1991ರ ಜುಲೈ ತಿಂಗಳಲ್ಲಿ, ಫಿನ್‌ಮಾರ್ಕ್ ಉರಿದ ನಾಲ್ವತ್ತಾರು ವರ್ಷಗಳ ಮೇಲೆ.